ಸುಣ್ಣದಜ್ಜನ ಐದನೆಯ ಸುತ್ತು

"ಅತ್ತಿಗೆ, ಈರುಳ್ಳಿ ಹೆಚ್ಚೋ ಚಾಕುನಲ್ಲಿ ಕಲ್ಲು ಕೆರೀತಿದ್ದೀರಲ್ಲ, ಮಧ್ಯಾಹ್ನ ಅದರಲ್ಲೇ ಅಡುಗೆ ಮಾಡ್ತೀರಾ?"

"ಮಾಡ್ತೀನಿ. ನಿನ್ನ ಪಾಲಿಗೆ ಮಾತ್ರ."

ಪತ್ತೆಯಕ್ಕ ತಲೆ ಎತ್ತಲಿಲ್ಲ. ಮರಳಿನ ಮೇಲೆ ಮಂಡಿಯೂರಿ, ತೆಂಗಿನಕಾಯಿಗಿಂತ ಒಂದಿಷ್ಟು ದೊಡ್ಡದಾದ ಕಲ್ಲೊಂದನ್ನು ಮಗುವಿನ ತಲೆ ಹಿಡಿದ ಹಾಗೆ ಹಿಡಿದುಕೊಂಡಿದ್ದಳು. ಕಲ್ಲಿನ ಅರ್ಧ ಬಿಳಿ, ಅರ್ಧ ಕೆಂಪು. ಕೆಂಪು ಬದಿಯ ಅಂಚಿನಿಂದ ಬಣ್ಣದ ಒಂದು ಚಕ್ಕೆ ಎದ್ದು ಬಂತು. ಅದನ್ನು ಅಂಗೈ ಮೇಲಿಟ್ಟು ಭೂತಗನ್ನಡಿ ಹಿಡಿದಳು.

ಬಿಳಿ, ಕೆಂಪು. ಬಿಳಿ, ಕೆಂಪು. ಈರುಳ್ಳಿಯ ಪದರಗಳ ಹಾಗೆ ಒಂದರ ಮೇಲೊಂದು.

ಎಣಿಸುತ್ತ ಹೋದಳು. ಮಧ್ಯೆ ಮೈದುನ ಏನೋ ಕೇಳಿದ. ಸುಮ್ಮನಿರು ಎಂದು ಕೈಸನ್ನೆ ಮಾಡಿ ಮತ್ತೆ ಮೊದಲಿನಿಂದ ಎಣಿಸಿದಳು. ನಲವತ್ತೈದು ಜೊತೆ.

ನಾಲ್ಕು ದಿನದ ಹಿಂದೆ ಬಂದರು ಕಚೇರಿಯ ಬೀರುವಿನಿಂದ ದ್ವೀಪದ ಅಪಾಯದ ನಕ್ಷೆ ಕಾಣೆಯಾಗಿತ್ತು. ಅದೇ ದಿನ ಉತ್ತರದ ತೀರದಲ್ಲಿ ಹಿಂದೆಂದೂ ಇಲ್ಲದ ಹನ್ನೆರಡು ಕೆಂಪು ಕಲ್ಲುಗಳು ಎದ್ದಿದ್ದವು. ಎರಡಕ್ಕೂ ಹೊಣೆಯೆಂದು ಪೊಲೀಸರು ಸುಣ್ಣದಜ್ಜನನ್ನು ಕರೆದೊಯ್ದು ಕೂರಿಸಿದ್ದರು.

ಸೈನ್ಯ ಈ ದ್ವೀಪವನ್ನು ವಶಪಡಿಸಿಕೊಂಡು ನಲವತ್ತೈದು ವರ್ಷ, ಬಿಟ್ಟುಹೋಗಿ ಆರು ವರ್ಷ. ಫಿರಂಗಿ ಅಭ್ಯಾಸದಲ್ಲಿ ಸಿಡಿಯದೆ ಉಳಿದ ಗುಂಡುಗಳು ಮಣ್ಣಿನಡಿ ಎಲ್ಲೆಲ್ಲಿವೆಯೋ ಅಲ್ಲಲ್ಲಿ ಕಲ್ಲಿನ ಸುತ್ತು ಹಾಕಿ, ವರ್ಷಕ್ಕೊಮ್ಮೆ ತಪಾಸಣೆಗೆ ಮುಂಚೆ ಬಣ್ಣ ಬಳಿಯುವುದು ಅಜ್ಜನ ಕೆಲಸ. ಮೊದಲು ಇಡೀ ಕಲ್ಲಿಗೆ ಸುಣ್ಣ, ಒಣಗಿದ ಮೇಲೆ ಅರ್ಧಕ್ಕೆ ಕೆಂಪು. ಹಳೆಯದನ್ನು ಕೆರೆಯುವ ಪದ್ಧತಿಯಿಲ್ಲ. ಸೈನ್ಯ ಹೋದ ಮೇಲೂ, ಯಾರೂ ತಪಾಸಣೆಗೆ ಬರದಿದ್ದರೂ, ಕಾವಲುಗಾರನಾಗಿ ಉಳಿದ ಅಜ್ಜ ಆ ಕೆಲಸ ಬಿಟ್ಟಿರಲಿಲ್ಲ.

"ಏನಾಯ್ತು ಅತ್ತಿಗೆ?"

"ಕಲ್ಲು ಹೊಸದಲ್ಲ. ನಲವತ್ತೈದು ವರ್ಷದ್ದು. ಜಾಗ ಮಾತ್ರ ಹೊಸದು."

"ಅಂದ್ರೆ ಬೇರೆ ಕಡೆಯಿಂದ ಎತ್ಕೊಂಡು ಬಂದಿದ್ದಾರೆ." ಮೈದುನ ತನ್ನ ಕಾಲಡಿಯ ಮರಳನ್ನು ಒಮ್ಮೆ ನೋಡಿಕೊಂಡ. ಲಾಂಚು ಓಡಿಸುವ ಮನುಷ್ಯ. ನೀರಿನ ಮೇಲೆ ಹುಲಿ, ನೆಲದ ಮೇಲೆ ಬೆಕ್ಕು. "ಅಂದ್ರೆ ಇನ್ನೆಲ್ಲೋ ಕಲ್ಲಿಲ್ಲದೆ ಖಾಲಿಯಿದೆ."

"ಹೂಂ. ಅಲ್ಲಿ ಯಾರಾದರೂ ಕಾಲಿಡೋ ಮೊದಲು ನಾವು ಹುಡುಕಬೇಕು."

ಗಂಟೆ ಎಂಟು. ಹನ್ನೆರಡಕ್ಕೆ ಬಂದರು ಕಚೇರಿಯಲ್ಲಿ ವಿಚಾರಣೆ. ದ್ವೀಪವನ್ನು ಹೋಟೆಲ್ ಕಂಪನಿಗೆ ಕೊಡಬೇಕೋ, ಹಕ್ಕಿಗಳಿಗೆ ಬಿಡಬೇಕೋ, ಸೈನ್ಯ ಬರುವ ಮೊದಲು ಅಲ್ಲಿದ್ದೆವು ಎನ್ನುವ ಮನೆತನಗಳಿಗೆ ಹಿಂತಿರುಗಿಸಬೇಕೋ ಅನ್ನುವುದನ್ನು ಅಧಿಕಾರಿ ಇಂದು ಬರೆದುಹಾಕುತ್ತಾರೆ. ಅದೇ ಕೈಯಲ್ಲಿ ಅಜ್ಜನನ್ನು ಜೈಲಿಗೆ ಕಳಿಸುವ ಕಾಗದಕ್ಕೂ ಸಹಿ ಹಾಕುತ್ತಾರೆ.

ಪತ್ತೆಯಕ್ಕ ಮೂವರಲ್ಲಿ ಯಾರ ಪರವೂ ಇರಲಿಲ್ಲ. ಅವಳಿಗೆ ಅಜ್ಜ ಬೇಕಿತ್ತು, ಅಷ್ಟೇ.

ಅವಳ ತಾಯಿ ಇದೇ ದ್ವೀಪದಲ್ಲಿ ಸೈನಿಕರ ಬಟ್ಟೆ ಒಗೆಯುತ್ತಿದ್ದವಳು. ಆರನೆಯ ವಯಸ್ಸಿನಲ್ಲಿ ಪತ್ತೆಯಕ್ಕನಿಗೆ ಗಂಟಲು ಕಟ್ಟಿ, ಉಸಿರು ಸಿಗದೆ ಮುಖ ನೀಲಿಯಾದಾಗ, ಬಿರುಗಾಳಿಗೆ ಲಾಂಚಿನವರು ಒಲ್ಲೆವೆಂದರು. ಸುಣ್ಣ ಬಳಿಯುವ ಯುವಕನೊಬ್ಬ ಅವಳನ್ನು ಎದೆಗೆ ಕಟ್ಟಿಕೊಂಡು ಹುಟ್ಟು ಹಾಕುತ್ತ ದಡ ಮುಟ್ಟಿಸಿದ್ದ. ಮುಂದೆ ಪೊಲೀಸ್ ಬೆರಳಚ್ಚು ವಿಭಾಗದಲ್ಲಿ ಕೆಲಸ ಸಿಕ್ಕಿದ ದಿನ, ಅದನ್ನು ಬಿಟ್ಟು ಸ್ವಂತವಾಗಿ ಪತ್ತೆ ಕೆಲಸ ಶುರುಮಾಡಿದ ದಿನ, ಮಗಳು ಹುಟ್ಟಿದ ದಿನ, ಎಲ್ಲ ದಿನಗಳಲ್ಲೂ ತಾಯಿ ಒಂದೇ ಮಾತು ಹೇಳುತ್ತಿದ್ದಳು: "ಅವನಿಗೆ ಹೇಳಿ ಬಂದೆಯಾ?"

ಹೇಳಿ ಬರುತ್ತಿದ್ದಳು. ಅಜ್ಜ "ಒಳ್ಳೇದಾಯ್ತು" ಅನ್ನುತ್ತಿದ್ದ, ಮತ್ತೆ ಕುಂಚ ಎತ್ತಿಕೊಳ್ಳುತ್ತಿದ್ದ.

ದ್ವೀಪದಲ್ಲಿ ಕಲ್ಲಿನ ಸುತ್ತುಗಳು ಐದು. ನಾಲ್ಕರಲ್ಲಿ ಒಂದು ಕಲ್ಲೂ ಕದಲಿರಲಿಲ್ಲ. ಐದನೆಯದು ಪಡುವಣದ ತುದಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಪೊದೆಗಳ ನಡುವೆ. ಯಾರೂ ಹೋಗದ ಮೂಲೆ. ಅಲ್ಲಿ ಸಾಲು ಒಮ್ಮೆಲೇ ಹಲ್ಲು ಬಿದ್ದ ಬಾಯಿಯಂತೆ ಖಾಲಿಯಾಗಿತ್ತು. ಕಲ್ಲು ಕಿತ್ತ ಹನ್ನೆರಡು ಗುಳಿಗಳಲ್ಲಿ ಬೆಳಕು ಕಾಣದ ಹುಲ್ಲು ಹಳದಿಯಾಗಿ ಮಲಗಿತ್ತು. ಪಕ್ಕದಲ್ಲಿ ಒಂಟಿ ಚಕ್ರದ ಗೆರೆ.

"ಕೈಗಾಡಿ," ಅಂದ ಮೈದುನ. "ಈ ದ್ವೀಪದಲ್ಲಿ ಕೈಗಾಡಿ ಇರೋದು ಒಬ್ಬರ ಹತ್ರ."

"ಗೊತ್ತು."

"ಹಕ್ಕಿ ಮೇಡಂ! ಇರುವೆ ಮೇಲೆ ಕಾಲಿಟ್ಟರೂ ಕ್ಷಮೆ ಕೇಳೋ ಹೆಂಗಸು. ನಂಬೋಕಾಗಲ್ಲ ಅತ್ತಿಗೆ."

ಪತ್ತೆಯಕ್ಕ ಮುಂದಕ್ಕೆ ಬಗ್ಗಿದಳು. ಅವಳ ಕಣ್ಣು ಸುತ್ತಿನ ಒಳಗೆ ನೆಟ್ಟಿತ್ತು. ಹುಲ್ಲಿನ ನಡುವೆ ಒಂದಡಿ ಅಗಲದ ದಾರಿ ಸವೆದಿತ್ತು. ಒಬ್ಬನೇ ಮನುಷ್ಯ ಎಷ್ಟೋ ವರ್ಷ ನಡೆದು ಸವೆಸಿದ ದಾರಿ. ಅದರುದ್ದಕ್ಕೂ ಸುಣ್ಣದ ಹನಿಗಳು. ಕೆಲವು ಮಾಸಿದವು, ಕೆಲವು ಈ ವರ್ಷದವು.

ಸಿಡಿಗುಂಡು ಹೂತಿರುವ ಜಾಗದಲ್ಲಿ, ಕೈಯಲ್ಲಿ ಸುಣ್ಣದ ಬಕೆಟ್ಟು ಹಿಡಿದು, ಯಾರು ನಡೆಯುತ್ತಾರೆ?

ಯಾರು ಎಂಬುದನ್ನು ಕೇಳಬೇಕಾಗಿರಲಿಲ್ಲ. ಯಾಕೆ ಎಂಬುದು ಹೊಳೆಯಲಿಲ್ಲ. ಅವಳು ಮೈದುನನ ತೋಳು ಹಿಡಿದು ತಿರುಗಿಸಿದಳು. ಆ ದಾರಿಯ ವಿಷಯ ಅವನಿಗೆ ಹೇಳಲಿಲ್ಲ.

ಹಳೆಯ ವೈರ್‌ಲೆಸ್ ಕೋಣೆಯಲ್ಲಿ ಹಕ್ಕಿ ಮೇಡಂ ವಾಸ. ಹಕ್ಕಿಗಳು ಮೊಟ್ಟೆಯಿಡುವ ಕಾಲಕ್ಕೆ ಅವುಗಳ ಅಧ್ಯಯನಕ್ಕೆಂದು ಬಂದು ಮರಿಗಳು ಹಾರಿದ ಮೇಲೆ ಹೋಗುತ್ತಾಳೆ. ಇದು ನಾಲ್ಕನೆಯ ವರ್ಷ. ಕಿಟಕಿಯಲ್ಲಿ ದುರ್ಬೀನು, ಹಗ್ಗದ ಮೇಲೆ ಎರಡು ಜೊತೆ ಸಾಕ್ಸು, ಬಾಗಿಲ ಬಳಿ ನೀರಿನ ಕ್ಯಾನು ಸಾಗಿಸುವ ಕೈಗಾಡಿ.

"ಬನ್ನಿ, ಬನ್ನಿ. ಟೀ ಇಡ್ತೀನಿ. ಹಾಲಿನ ಪುಡಿ ಮುಗಿದಿದೆ, ಪರವಾಗಿಲ್ವಾ?"

"ಪರವಾಗಿಲ್ಲ ಮೇಡಂ. ಕೂತ್ಕೊಳ್ಳಿ, ಒಂದು ಸಣ್ಣ ಸಂದೇಹ." ಪತ್ತೆಯಕ್ಕ ಸ್ಟೂಲು ಎಳೆದುಕೊಂಡಳು. "ಉತ್ತರದ ತೀರದಲ್ಲಿ ಕಲ್ಲು ಕಂಡಿರಲ್ಲ, ಅದರ ಕೆಂಪು ಬದಿ ಯಾವ ಕಡೆಗಿದೆ?"

"ದಾರಿ ಕಡೆಗೆ. ನಡೆಯೋರಿಗೆ ಕಾಣಬೇಕಲ್ಲ."

"ಹಾಗಂತ ಎಲ್ಲರೂ ಅಂದ್ಕೋತಾರೆ. ಈ ದ್ವೀಪದಲ್ಲಿ ಉಲ್ಟಾ ಮೇಡಂ. ಬಿಳಿ ನಡೆಯೋರ ಕಡೆಗೆ, ಕೆಂಪು ಗುಂಡಿನ ಕಡೆಗೆ."

"ಉಲ್ಟಾನಾ?"

"ಬಿಳಿ ಕಾಣ್ತಿದ್ರೆ ನೀವು ಹೊರಗಿದ್ದೀರಿ, ಭಯವಿಲ್ಲ. ಕೆಂಪು ಕಂಡ್ರೆ ಆಗಲೇ ಒಳಗೆ ಕಾಲಿಟ್ಟಿದ್ದೀರಿ, ಬಂದ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ವಾಪಸ್ ಬನ್ನಿ ಅಂತ. ನನಗೆ ಅ ಆ ಇ ಈ ಬರೋಕೆ ಮೊದಲು ಅಜ್ಜ ಕಲಿಸಿದ ಪಾಠ ಇದು. ಆ ಹನ್ನೆರಡು ಕಲ್ಲನ್ನ ಅಜ್ಜ ಇಟ್ಟಿದ್ರೆ, ಕಣ್ಣು ಮುಚ್ಚಿಕೊಂಡು ಇಟ್ಟಿದ್ರೂ ಬಿಳಿ ಹೊರಗಿರ್ತಿತ್ತು."

ಸ್ಟೌವಿನ ಮೇಲೆ ನೀರು ಕುದಿಯತೊಡಗಿತ್ತು. ಮೇಡಂ ಅದನ್ನು ಇಳಿಸಲಿಲ್ಲ.

"ಟ್ಯಾಂಕಿನ ಹಿಂದೆ ನಿಮ್ಮ ಗಾಡಿ ಗೆರೆ ಇದೆ," ಅಂದಳು ಪತ್ತೆಯಕ್ಕ, ಮಗುವಿಗೆ ಜ್ವರ ಇದೆಯಾ ಎಂದು ಕೇಳುವಷ್ಟು ಮೆತ್ತಗೆ.

"ಅಜ್ಜನ್ನ ಹಿಡೀತಾರೆ ಅಂತ ನನಗೆ ಗೊತ್ತಿರಲಿಲ್ಲ." ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಹೋಟೆಲಿನವರು ಅಳತೆಗೆ ಉತ್ತರದ ತೀರದಲ್ಲಿ ಗೂಟ ಹೊಡೆಯೋಕೆ ಬರ್ತೀವಿ ಅಂದ್ರು. ಮರಳಿನ ಮೇಲೆ ನಾಲ್ಕುನೂರು ಗೂಡು. ಇನ್ನು ಎರಡೇ ವಾರ ಸಾಕಾಗಿತ್ತು, ಮರಿ ಹಾರ್ತಿದ್ವು. ಯಾರೂ ಹೋಗದ ಕಡೆಯಿಂದ ತಗೊಂಡ್ರೆ ಯಾರಿಗೂ ತೊಂದರೆ ಆಗಲ್ಲ ಅಂದ್ಕೊಂಡೆ."

"ಅಲ್ಲಿ ಯಾರಾದರೂ ಕಾಲಿಟ್ಟಿದ್ರೆ?"

"ಅದನ್ನ ಯೋಚನೆ ಮಾಡಿದ್ದು ಮೂರು ದಿನ ಆದಮೇಲೆ. ವಾಪಸ್ ಇಡೋಣ ಅಂದ್ರೆ ಪೊಲೀಸರು ಫೋಟೊ ತಗೊಂಡು ಹೋಗಿದ್ರು. ಹೇಳೋಣ ಅಂದ್ರೆ ಬಾಯಿ ಬರಲಿಲ್ಲ." ಅವಳು ಮೂಗು ಒರೆಸಿಕೊಂಡಳು. "ಮೊದಲನೇ ವರ್ಷ ನನ್ನ ಕಾಲು ಮುರಿದಾಗ ಹದಿನೆಂಟು ದಿನ ಅಜ್ಜ ನೀರು ಹೊತ್ತು ಹಾಕಿದ್ದಾರೆ. ಗೂಡು ಎಣಿಸಿ ಬರೆದುಕೊಟ್ಟಿದ್ದಾರೆ. ಅವರ ಋಣಕ್ಕೆ ನಾನು ಮಾಡಿದ್ದು ಇದು."

ಮೈದುನ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದ. ಅಳುವ ಹೆಂಗಸರ ಮುಂದೆ ಅವನಿಗೆ ಯಾವಾಗಲೂ ಆಕಾಶದಲ್ಲಿ ಕೆಲಸವಿರುತ್ತಿತ್ತು.

ಪತ್ತೆಯಕ್ಕ ಎದ್ದು ಸ್ಟೌ ಆರಿಸಿದಳು. ತಾನೇ ಮೂರು ಲೋಟಕ್ಕೆ ಟೀ ಬಗ್ಗಿಸಿ ಒಂದನ್ನು ಮೇಡಂ ಕೈಗೆ ಕೊಟ್ಟಳು.

"ಅಜ್ಜನ ಋಣ ನನ್ನ ಮೇಲೂ ಇದೆ. ಒಟ್ಟಿಗೆ ತೀರಿಸೋಣ. ಇದನ್ನ ಕುಡೀರಿ, ಲಾಂಚು ಹತ್ತಿ. ಈಗ ಹೇಳಿದ್ದನ್ನೇ ಅಧಿಕಾರಿ ಮುಂದೆ ಹೇಳಿ."

"ಹೇಳ್ತೀನಿ."

"ನಕ್ಷೆಯನ್ನೂ ತಗೊಂಡು ಬನ್ನಿ."

ಮೇಡಂ ತಲೆ ಎತ್ತಿದಳು. ಅವಳ ಕಣ್ಣಲ್ಲಿ ಇದ್ದದ್ದು ಬೆರಗು ಮಾತ್ರ.

"ಯಾವ ನಕ್ಷೆ? ನಾನು ಬಂದರು ಕಚೇರಿ ಮೆಟ್ಟಿಲು ಹತ್ತಿ ಎರಡು ತಿಂಗಳಾಯ್ತು."

ಬಂದರು ಕಚೇರಿಯ ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಉದ್ದನೆಯ ಮೇಜಿನ ತುದಿಯಲ್ಲಿ ಅಧಿಕಾರಿ, ಶೀತಕ್ಕೆ ಮೂಗು ಕೆಂಪಾಗಿತ್ತು. ಎಡಕ್ಕೆ ಹೋಟೆಲಿನ ಮ್ಯಾನೇಜರ್, ಅವನ ಮುಂದೆ ಬಣ್ಣದ ಕಾಗದಗಳು. ಬಲಕ್ಕೆ ದ್ವೀಪದ ಹಳೆಯ ಮನೆತನಗಳ ಪರವಾಗಿ ದೊಡ್ಡಮನೆಯಮ್ಮ. ಎಂಬತ್ತು ದಾಟಿದ ಮುದುಕಿ; ಮಡಿಲಲ್ಲಿ ಖಾಲಿ ಕೈಚೀಲ. ಖಾಲಿ, ಏಕೆಂದರೆ ಅವಳ ಬಳಿ ತೋರಿಸಲು ಒಂದು ಕಾಗದವೂ ಇರಲಿಲ್ಲ. ಮನೆಗಳನ್ನು ಸೈನ್ಯ ನೆಲಸಮ ಮಾಡಿತ್ತು.

ಗೋಡೆಯ ಪಕ್ಕದ ಬೆಂಚಿನ ಮೇಲೆ ಪೇದೆಯ ಜೊತೆ ಸುಣ್ಣದಜ್ಜ ಕೂತಿದ್ದ. ಪತ್ತೆಯಕ್ಕನನ್ನು ಕಂಡು ಮುಖ ಅರಳಿತು.

"ಮಗಳೇ, ನೆನೆಹಾಕಿದ ಸುಣ್ಣಕ್ಕೆ ಯಾರಾದರೂ ನೀರು ಹಾಕಿದ್ರಾ? ಒಣಗಿಹೋದ್ರೆ ಕೆಡುತ್ತೆ."

"ಹಾಕಿ ಬಂದೆ ಅಜ್ಜ."

"ಒಳ್ಳೇದಾಯ್ತು."

ಅಳದೆ, ತಡವರಿಸದೆ ಹಕ್ಕಿ ಮೇಡಂ ಎಲ್ಲವನ್ನೂ ಹೇಳಿದಳು. ಪತ್ತೆಯಕ್ಕ ಬಣ್ಣದ ಚಕ್ಕೆಯನ್ನು ಭೂತಗನ್ನಡಿಯ ಸಮೇತ ಅಧಿಕಾರಿಯ ಮುಂದಿಟ್ಟಳು. ಅವರು ಎಣಿಸುತ್ತ ಎಣಿಸುತ್ತ ಸೀನಿದರು, ಚಕ್ಕೆ ಹಾರಿಹೋಯಿತು, ಪೇದೆ ಮೇಜಿನ ಕೆಳಗೆ ತೂರಿ ಹುಡುಕಿ ತಂದ.

"ಕಲ್ಲಿನ ವಿಷಯದಲ್ಲಿ ಮುದುಕನ ತಪ್ಪಿಲ್ಲ, ಒಪ್ಪಿದೆ," ಅಂದರು ಅಧಿಕಾರಿ. "ನಕ್ಷೆ?"

"ಬೀರುವಿಗೆ ಎರಡೇ ಕೀಲಿ ಸಾರ್," ಅಂದ ಮ್ಯಾನೇಜರ್. "ಒಂದು ಕಚೇರಿಯದು. ಇನ್ನೊಂದು ಈ ಯಜಮಾನರದು. ನೀವೇ ಯೋಚನೆ ಮಾಡಿ."

"ಬೀಗ ಸವೆದಿದೆ ಸಾರ್. ನನ್ನ ತಲೆಪಿನ್ನಿನಲ್ಲಿ—" ಎಂದು ಪತ್ತೆಯಕ್ಕ ಶುರುಮಾಡಿದಳು.

"ಬೇಡ ಮಗಳೇ." ಅಜ್ಜ ಎದ್ದು ನಿಂತ. "ನನಗೋಸ್ಕರ ಸುಳ್ಳು ಪೋಣಿಸಬೇಡ. ನಕ್ಷೆ ತಗೊಂಡಿದ್ದು ನಾನೇ."

ಅಜ್ಜ ಅಂಗಿ ಎತ್ತಿ, ಹೊಟ್ಟೆಗೆ ಸುತ್ತಿಕೊಂಡಿದ್ದ ಬಟ್ಟೆ ಬಿಚ್ಚಿ, ನಾಲ್ಕಾಗಿ ಮಡಿಸಿದ ಮೇಣಬಟ್ಟೆಯ ನಕ್ಷೆಯನ್ನು ಮೇಜಿನ ಮೇಲಿಟ್ಟ. ನಾಲ್ಕು ದಿನ ಠಾಣೆಯಲ್ಲಿದ್ದರೂ ಆ ಮುದುಕನ ಹೊಟ್ಟೆ ತಡವಿ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಪೇದೆ ನೆಲ ನೋಡಿದ.

ನಕ್ಷೆಯ ಮೇಲೆ ಕೆಂಪು ಸುತ್ತುಗಳು ನಾಲ್ಕು.

"ದ್ವೀಪದಲ್ಲಿ ಐದಿವೆ," ಅಂದಳು ಪತ್ತೆಯಕ್ಕ. ಸವೆದ ದಾರಿ, ಸುಣ್ಣದ ಹನಿ, ಎಲ್ಲ ಕಣ್ಣ ಮುಂದೆ ಬಂದವು. "ಐದನೆಯದು ನಿಮ್ಮದು. ಅಲ್ಲಿ ಗುಂಡಿಲ್ಲ. ಅಲ್ವಾ ಅಜ್ಜ?"

"ಇಲ್ಲ ಮಗಳೇ." ಅವನು ದೊಡ್ಡಮನೆಯಮ್ಮನ ಕಡೆ ತಿರುಗಿದ. "ಅಮ್ಮಾ, ಮನೆ ಉರುಳಿಸಿದ ಮೇಲೆ ಸೈನ್ಯದವರು ಪಡುವಣದ ತುದೀನೂ ಮಟ್ಟ ಮಾಡಿ ಲಾರಿ ನಿಲ್ಲಿಸ್ತೀವಿ ಅಂದ್ರು. ಅಲ್ಲಿ ನಿಮ್ಮವರ ಸಮಾಧಿಗಳಿದ್ವು. ನಾನು ಆಗ ಹೊಸಬ. ಸಾಹೇಬರಿಗೆ ಹೇಳೋ ಧೈರ್ಯ ಇರಲಿಲ್ಲ. ಒಂದು ವಾರ ಕಲ್ಲು ಹೊತ್ತು ಸುತ್ತು ಹಾಕಿ, ಇಲ್ಲೂ ಗುಂಡು ಬಿದ್ದಿದೆ ಅಂದೆ. ಸುಣ್ಣ ಬಳಿಯೋನು ಸುಳ್ಳು ಹೇಳ್ತಾನೆ ಅಂತ ಯಾರು ಅಂದ್ಕೋತಾರೆ? ಒಂದು ಲಾರಿನೂ ಒಳಗೆ ಬರಲಿಲ್ಲ."

ಮುದುಕಿಯ ಕೈಚೀಲ ನೆಲಕ್ಕೆ ಜಾರಿತು.

"ಈಗ ನಕ್ಷೆ ನೋಡಿದ್ರೆ ಹೋಟೆಲಿನವರಿಗೆ ಆ ಜಾಗ ಸ್ವಚ್ಛ ಅಂತ ಗೊತ್ತಾಗ್ತಿತ್ತು. ಮೊದಲು ಅಲ್ಲೇ ಅಗೀತಿದ್ರು. ಅದಕ್ಕೇ ಎತ್ಕೊಂಡೆ. ನಾಲ್ಕು ದಿನ ಬಾಯಿ ಬಿಡಲಿಲ್ಲ, ಅದು ತಪ್ಪು. ಇವತ್ತು ಈ ಮಗಳ ಮುಖ ನೋಡಿದ ಮೇಲೆ ಆಗಲಿಲ್ಲ."

ದೊಡ್ಡಮನೆಯಮ್ಮ ಕುರ್ಚಿಯಿಂದ ಎದ್ದಳು. ಯಾರೋ ಹಿಡಿದುಕೊಳ್ಳಲು ಬಂದರು, ಬೇಡವೆಂದಳು. ಮೇಜಿಗೆ ಕೈಯೂರಿಕೊಂಡು ಸುತ್ತಿ ಬಂದು ಅಜ್ಜನ ಸುಣ್ಣ ತಿಂದ ಬೆರಳುಗಳನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು.

"ನಲವತ್ತೈದು ವರ್ಷ ಅವರ ಮೇಲೆ ಗಾಡಿ ಓಡಿಸಿದ್ದಾರೆ ಅಂದ್ಕೊಂಡು ನಿದ್ದೆ ಮಾಡಿದೀನಿ ಕಣಪ್ಪಾ," ಅಂದಳು. "ನಮ್ಮಮ್ಮ ಅಲ್ಲಿದ್ದಾಳೆ. ನನ್ನ ಮೊದಲನೇ ಕೂಸು ಅಲ್ಲಿದೆ."

"ಚಿಕ್ಕದು, ಮೂಲೆಯಲ್ಲಿ. ಗೊತ್ತು ಅಮ್ಮ. ಅದಕ್ಕೆ ಎರಡು ಸಲ ಸುಣ್ಣ ಬಳೀತಿದ್ದೆ."

ಮೈದುನ ಹಾಲಿನ ಛಾವಣಿಯಲ್ಲಿ ಏನೋ ಹುಡುಕತೊಡಗಿದ. ಅಧಿಕಾರಿ ಕರವಸ್ತ್ರ ತೆಗೆದರು. ಈ ಸಲ ಶೀತಕ್ಕಲ್ಲ.

"ಇದು ದಾಖಲೆಯೇ," ಅಂದರು ಅವರು. "ದ್ವೀಪದಲ್ಲಿ ಜನವಸತಿ ಇತ್ತು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಸ್ಥಳ ನೋಡಿದ ಮೇಲೆ ತೀರ್ಪು. ಬರ್ಕೊಳ್ಳಿ. ಸಮಾಧಿ ಎಷ್ಟು?"

"ಹನ್ನೊಂದು ಸಾರ್," ಅಂದ ಅಜ್ಜ.

ಪತ್ತೆಯಕ್ಕನಿಗೆ ನಗು ಬಂದಿತ್ತು, ಕಣ್ಣೂ ತುಂಬಿತ್ತು. ತಾಯಿ ಇದ್ದಿದ್ದರೆ ಇವತ್ತು ತಾನೇ ಬಂದು ಅಜ್ಜನಿಗೆ 'ಒಳ್ಳೇದಾಯ್ತು' ಅನ್ನುತ್ತಿದ್ದಳು ಅನ್ನಿಸಿತು. ಅಜ್ಜನನ್ನು ಕರೆದುಕೊಂಡು ಹೋಗಿ ಬಿಸಿನೀರು ಕಾಯಿಸಿಕೊಡಬೇಕು, ಹೊಟ್ಟೆ ತುಂಬ ಊಟ ಹಾಕಬೇಕು.

"ಹತ್ತು," ಅಂದಳು ದೊಡ್ಡಮನೆಯಮ್ಮ.

ಅವಳು ಅಜ್ಜನ ಕೈ ಬಿಟ್ಟಿರಲಿಲ್ಲ. ಇನ್ನೊಂದು ಕೈಯ ಬೆರಳುಗಳನ್ನು ಮಡಿಸುತ್ತಿದ್ದಳು. "ಅಪ್ಪ, ಅಮ್ಮ, ಇಬ್ಬರು ಅತ್ತೆಯರು, ಮಾವ, ಮೂಲೆಮನೆಯ ಅಣ್ಣತಮ್ಮಂದಿರು ಮೂವರು, ದೋಣಿ ಕಟ್ಟೋ ತಾತ, ನನ್ನ ಕೂಸು. ಹತ್ತೇ ಕಣಪ್ಪಾ. ನಾವು ಬಿಟ್ಟು ಬಂದಿದ್ದು ಹತ್ತೇ ಜನರನ್ನ."

"ವಯಸ್ಸಾಯ್ತಲ್ಲ, ಎಣಿಕೆ ತಪ್ಪಿರಬೇಕು ಅಜ್ಜನಿಗೆ," ಅಂದ ಮೈದುನ, ಎಲ್ಲರಿಗೂ ಕೇಳುವ ಹಾಗೆ.

ನಾಲ್ಕುನೂರು ಗೂಡುಗಳನ್ನು ಎಣಿಸಿ ಬರೆದುಕೊಟ್ಟ ಮನುಷ್ಯ. ಪತ್ತೆಯಕ್ಕ ಅಜ್ಜನ ಮುಖ ನೋಡಿದಳು. ಅಜ್ಜ ಅವಳನ್ನೇ ನೋಡುತ್ತಿದ್ದ. ಬಿರುಗಾಳಿಯಲ್ಲಿ ಅವಳನ್ನು ಎದೆಗೆ ಕಟ್ಟಿಕೊಂಡವನ ಕಣ್ಣು ಅವು; ಈಗ ಬೇಡಿಕೊಳ್ಳುತ್ತಿದ್ದವು.

ಅಧಿಕಾರಿ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದರು. ಹತ್ತು ಎಂದು ಪತ್ತೆಯಕ್ಕನೂ ಒಪ್ಪಿಬಿಟ್ಟರೆ ಸಾಕಿತ್ತು, ಹತ್ತು ಎಂದೇ ಬರೆದುಕೊಳ್ಳುತ್ತಿದ್ದರು.

"ಅಜ್ಜ," ಅಂದಳು. ದನಿ ತನ್ನದಲ್ಲ ಅನ್ನಿಸಿತು. "ಹನ್ನೊಂದನೆಯ ಸಮಾಧಿ ಆಗಿದ್ದು ಯಾವಾಗ?"

ಅಜ್ಜ ಮುದುಕಿಯ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ.

"ಸೈನ್ಯ ಹೋದ ಮೇಲೆ, ಮಗಳೇ. ಅಗೆದವನು ನಾನೇ."